ಸಾವಿರ ಗಂಟೆ, ಯಾರಿಗೂ ವಿನಾಯಿತಿ ಇಲ್ಲ

ಪೈಲಟರ ಒಕ್ಕೂಟದ ಕಚೇರಿ, ಎರಡನೇ ಮಹಡಿ
ಗುರುವಾರ, ಮಾರ್ಚ್ ೧೪

ಪ್ರೀತಿಯ ಕೂಸೇ,

ಮೊದಲು ನಿನ್ನ ಶೀತದ ವಿಷಯ ಹೇಳು. ಕಿವಿ ಇನ್ನೂ ಕಟ್ಟಿಕೊಂಡಿದೆಯೇ? ಅದು ಬಿಡುವವರೆಗೆ ವಿಮಾನ ಹತ್ತಬೇಡ, ಕಲಿಸುವವರು ಮುಖ ಗಂಟು ಹಾಕಿಕೊಂಡರೂ ಸರಿ. ಹಾಸ್ಟೆಲಿನ ಊಟ ಸೇರುತ್ತಿಲ್ಲ ಎಂದು ಅಪ್ಪನ ಹತ್ತಿರ ಹೇಳಿದೆಯಂತೆ. ನನ್ನ ಹತ್ತಿರ ಹೇಳಿದರೆ ಬೈಸಿಕೊಳ್ಳಬೇಕಾಗುತ್ತದೆ ಎಂದು ನಿನಗೆ ಗೊತ್ತು. ನಾವಿಬ್ಬರೂ ಚೆನ್ನಾಗಿದ್ದೇವೆ. ಮುಂದಿನ ತಿಂಗಳು ನೀನು ಕೆಲಸಕ್ಕೆ ಸೇರುತ್ತೀಯೆಂದು ಅಪ್ಪ ಹಜಾರದ ಕಪಾಟಿನ ಮೇಲಿದ್ದ ತಮ್ಮ ಹಳೆಯ ರೇಡಿಯೋ ತೆಗೆದು ನಿನ್ನ ಟೋಪಿಗೆ ಜಾಗ ಮಾಡಿದ್ದಾರೆ. ನನ್ನ ಟೋಪಿ ಇಪ್ಪತ್ತೆರಡು ವರ್ಷದಿಂದ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿದೆ, ಅದನ್ನು ಕೇಳಿದವರಿಲ್ಲ.

ನಿನ್ನೆ ಒಕ್ಕೂಟದ ಸಮಿತಿ ಸಭೆ ಇತ್ತು. ಕಂಪನಿಯ ಜೊತೆಗಿನ ಹೊಸ ಒಪ್ಪಂದದಲ್ಲಿ ನಾವು ಯಾವುದಕ್ಕೆ ಪಟ್ಟು ಹಿಡಿಯಬೇಕು ಎಂಬುದೇ ಚರ್ಚೆ. ಎರಡು ಪಾಳಿಗಳ ನಡುವೆ ಹನ್ನೆರಡು ಗಂಟೆ ವಿಶ್ರಾಂತಿ ಬೇಕು, ದಣಿದಿದ್ದೇನೆ ಎಂದು ಹೇಳಿದವರ ಮೇಲೆ ಕ್ರಮ ಕೂಡದು, ಇವೆಲ್ಲ ಬೇಗ ಮುಗಿದವು. ಉಳಿದದ್ದು ಹೊಸಬರ ಅರ್ಹತೆ. ಈಗ ಇನ್ನೂರು ಗಂಟೆ ಹಾರಿದ್ದರೆ ಸಾಕು, ಸಹ-ಪೈಲಟ್ ಆಗಿ ಸೇರಬಹುದು. ಅದನ್ನು ಸಾವಿರಕ್ಕೆ ಏರಿಸಬೇಕೆಂಬ ಮಾತು ಎರಡು ವರ್ಷದಿಂದ ಇದೆ, ನಾನೂ ಅದರ ಪರವೇ. ಒಕ್ಕೂಟ ಹೇಳಿದಷ್ಟಕ್ಕೆ ಸಹಿ ಹಾಕುತ್ತೇವೆಂದು ಕಂಪನಿಯೂ ಒಪ್ಪಿದೆ. ಜಗ್ಗಾಟ ಇದ್ದದ್ದು ಒಂದಕ್ಕೇ: ನೇಮಕಾತಿ ಪತ್ರ ಈಗಾಗಲೇ ಕೈಯಲ್ಲಿರುವವರಿಗೆ ವಿನಾಯಿತಿ ಕೊಡಬೇಕೋ ಬೇಡವೋ. ಅಂಥವರು ಒಂಬತ್ತು ಜನ. ಇನ್ನೂರ ಮೂವತ್ತು ಗಂಟೆಯ ನೀನೂ ಅವರಲ್ಲಿ ಒಬ್ಬಳು. ಅದಕ್ಕೇ ಈ ವಿಷಯದಲ್ಲಿ ನಾನು ಬಾಯಿ ಬಿಡುವುದಿಲ್ಲ ಎಂದು ಮೊದಲೇ ಹೇಳಿ ಕೂತಿದ್ದೆ.

ಬೆಳಗಿನ ನಾಲ್ಕಕ್ಕೆ ಎದ್ದು, ನಾಲ್ಕು ಸಲ ವಿಮಾನ ಇಳಿಸಿ, ಹಾಗೇ ಸಭೆಗೆ ಬಂದಿದ್ದೆ. ಕಣ್ಣು ಎಳೆಯುತ್ತಿತ್ತು. ಅಧ್ಯಕ್ಷರು, ನಾವೆಲ್ಲ ದೊಡ್ಡಣ್ಣ ಎನ್ನುವ ಹಿರಿಯ ಕ್ಯಾಪ್ಟನ್, ನಿರ್ಣಯ ಓದಿದರು. ಅವರದು ಥೇಟ್ ಕಂಟ್ರೋಲ್ ಟವರಿನವರ ದನಿ, ಏರಿಳಿತವೇ ಇಲ್ಲ. "ಸಾವಿರ ಗಂಟೆ, ಈ ತಿಂಗಳಿಂದಲೇ, ಯಾರಿಗೂ ವಿನಾಯಿತಿ ಇಲ್ಲ." ಟವರಿನವರು ಹೇಳಿದ್ದನ್ನು ಒಂದಕ್ಷರ ಬಿಡದೆ ತಿರುಗಿ ಒಪ್ಪಿಸುವುದು ನಮ್ಮ ಕಸುಬು, ನಿನಗೂ ಮೊದಲ ವಾರವೇ ಕಲಿಸಿದ್ದಾರೆ. ನಿದ್ದೆಗಣ್ಣಲ್ಲಿ ನನ್ನ ಬಾಯಿ ತಾನಾಗಿ ಅಷ್ಟನ್ನೂ ಗಟ್ಟಿಯಾಗಿ ಒಪ್ಪಿಸಿಬಿಟ್ಟಿತು. ರೇಡಿಯೋದಲ್ಲಿ ಮಾಡುವ ಹಾಗೆ ಕೊನೆಗೆ ವಿಮಾನದ ನಂಬರನ್ನೂ ಸೇರಿಸಿದ್ದರೆ ಎಲ್ಲರೂ ನಕ್ಕು ಅಲ್ಲಿಗೇ ಮುಗಿಯುತ್ತಿತ್ತು. ಸೇರಿಸಲಿಲ್ಲ. ಕಾರ್ಯದರ್ಶಿ ಅದನ್ನು ನನ್ನ ಅನುಮೋದನೆ ಎಂದು ಬರೆದುಕೊಂಡರು. ಅರ್ಧ ಗಂಟೆಯಿಂದ ವಿನಾಯಿತಿ ಬೇಕೆಂದು ವಾದಿಸುತ್ತಿದ್ದವರೆಲ್ಲ ನನ್ನ ಮುಖ ನೋಡಿದರು. ಪಕ್ಕದಲ್ಲಿದ್ದ ಕಿರಿಯ ಕ್ಯಾಪ್ಟನ್, "ಹೆತ್ತೋರೇ ಹೇಳಿದ್ಮೇಲೆ ನಮ್ದೇನಿದೆ ಅಕ್ಕಾ" ಎಂದು ಕೈ ಎತ್ತಿದ. ಒಬ್ಬೊಬ್ಬರಾಗಿ ಉಳಿದವರೂ ಎತ್ತಿದರು. ನಾನು ತಡೆಯಲಿಲ್ಲ. ನನಗೆ ದುಃಖವೂ ಆಗಲಿಲ್ಲ, ಭಯವೂ ಆಗಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ಇರುತ್ತದಲ್ಲ, ಹಾಗಿದ್ದೆ. ಈಗಲೂ ಹಾಗೇ ಇದ್ದೇನೆ.

ಮೂರು ತಿಂಗಳ ಹಿಂದೆ ನನ್ನ ಜೊತೆ ಹಾರಿದ ಹುಡುಗಿಯ ವಿಷಯ ನಿನಗೆ ಹೇಳಿರಲಿಲ್ಲ. ನಿಮ್ಮ ಶಾಲೆಯವಳೇ, ಪರೀಕ್ಷೆಯಲ್ಲಿ ಮೊದಲನೆಯವಳು, ಕೆಲಸಕ್ಕೆ ಸೇರಿ ಮೂರನೇ ವಾರ. ಅಡ್ಡಗಾಳಿ ಇತ್ತು, ಇಳಿಸುವುದು ಅವಳ ಸರದಿ. ನೆಲ ಹತ್ತಿರ ಬಂದಾಗ ವಿಮಾನ ಓಲಿತು. ಕಂಟ್ರೋಲ್ ಹಿಡಿದವಳು ಹಾಗೇ ಕಲ್ಲಾಗಿ ಕೂತಳು. ನನಗೆ ಬಿಡು ಎಂದು ಎರಡು ಸಲ ಹೇಳಿದೆ, ಬಿಡಲಿಲ್ಲ. ಮೂರನೇ ಸಲ ಅವಳ ಕೈ ಕಿತ್ತು ತೆಗೆದು ವಿಮಾನವನ್ನು ಮತ್ತೆ ಮೇಲಕ್ಕೆ ಏರಿಸಿದೆ. ಒಂದು ಸುತ್ತು ಹಾಕಿ ಬಂದು ಇಳಿಸಿದ ಮೇಲೆ ನೂರ ಅರವತ್ತೆರಡು ಜನ ಚೀಲ ಎತ್ತಿಕೊಂಡು, ತಡವಾಯಿತೆಂದು ಗೊಣಗುತ್ತ ಹೋದರು. "ನೀವು ಹೇಳಿದ್ದು ನಂಗೆ ಕೇಳಿಸ್ಲೇ ಇಲ್ಲ ಮೇಡಂ" ಎಂದಳು ಸಿಬ್ಬಂದಿ ಬಸ್ಸಿನಲ್ಲಿ. ಸುಳ್ಳಲ್ಲ ಅದು. ಅವಳು ದಡ್ಡಿಯೂ ಅಲ್ಲ, ಪುಕ್ಕಲಿಯೂ ಅಲ್ಲ, ಕೈ ಇನ್ನೂ ಪಳಗಿರಲಿಲ್ಲ. ಅವಳ ಉಗುರುಗಳು ನಿನ್ನವುಗಳ ಹಾಗೇ ಕಚ್ಚಿ ಕಚ್ಚಿ ಗಿಡ್ಡವಾಗಿದ್ದವು.

ನಿನ್ನ ನೇಮಕಾತಿ ರದ್ದಾಗುತ್ತದೆ. ಚಿಕ್ಕ ವಿಮಾನಗಳಲ್ಲಿ ಬೇರೆಯವರಿಗೆ ಕಲಿಸಿಕೊಂಡು ಉಳಿದ ಗಂಟೆ ತುಂಬಿಸಲು ಎರಡು ವರ್ಷವಾದರೂ ಬೇಕು. ನನ್ನ ಮೇಲೆ ಸಿಟ್ಟು ಮಾಡಿಕೋ, ಮಾತು ಬಿಡು, ನಾನು ತಪ್ಪು ತಿಳಿಯುವುದಿಲ್ಲ. ಅಪ್ಪನಿಗೆ ಇನ್ನೂ ಹೇಳಿಲ್ಲ. ಔಷಧಿ ಅರ್ಧಕ್ಕೆ ನಿಲ್ಲಿಸಬೇಡ. ಹಾರಿದಷ್ಟು ಸಲವೂ ಕ್ಷೇಮವಾಗಿ ಇಳಿ, ನನ್ನ ಆಶೀರ್ವಾದ ಅಷ್ಟೇ.

ನಿನ್ನ,
ಅಮ್ಮ

ತಾ.ಕ.: ನಡಾವಳಿಯಲ್ಲಿ ತಪ್ಪಿದ್ದರೆ ನಾಳೆ ಶುಕ್ರವಾರ ಸಂಜೆ ಐದರೊಳಗೆ ತಿದ್ದಿಸಬಹುದು. ಅದು ಬಾಯಿತಪ್ಪಿ ಬಂದ ಮಾತು ಎಂದು ಒಂದು ಸಾಲು ಬರೆದುಕೊಟ್ಟರೆ ಮತ್ತೆ ಮತಕ್ಕೆ ಹಾಕುತ್ತಾರಂತೆ, ವಿನಾಯಿತಿಯೇ ಗೆಲ್ಲುತ್ತದಂತೆ. ದೊಡ್ಡಣ್ಣ ಬೆಳಿಗ್ಗೆ ತಾವಾಗಿಯೇ ಬಂದು ಹೇಳಿದರು. ಈ ಕಾಗದ ನಿನ್ನ ಕೈಸೇರುವುದು ಸೋಮವಾರ. ಫೋನ್ ನನ್ನ ಮುಂದೆಯೇ ಇದೆ. ಮಾಡಿದರೆ ನೀನು ಬರೆದುಕೊಡಮ್ಮಾ ಅನ್ನುತ್ತೀಯ, ನೀನು ಕೇಳಿದರೆ ನಾನು ಬರೆದುಕೊಟ್ಟುಬಿಡುತ್ತೇನೆ. ಅದಕ್ಕೇ ಮಾಡಲಿಲ್ಲ.