ಮಂಜವ್ವನ ಗಂಟಲಿಗೆ ಕಷಾಯ

ಲಕ್ಷ್ಮೇಶ್ವರ
೨೮-೮-೧೯೪೭

ಸಿಟ್ಟು ಮಾಡಿಕೊಂಡು ಬೆಟಗೇರಿಯಲ್ಲಿ ಕುಳಿತಿರುವ ನನ್ನ ಮಗಳು ಮಂಜವ್ವಳಿಗೆ, ಅವ್ವ ಹನಮಂತವ್ವ ತಲೆ ಸವರಿ ಮಾಡುವ ಆಶೀರ್ವಾದ. ಬರೆಯುವ ಕೈ ಎಂದಿನಂತೆ ನೆರೆಮನೆಯ ಮುಮ್ತಾಜಳದು, ಮಾತು ನನ್ನದು.

ನಿನ್ನ ಕಾರ್ಡು ಮುಟ್ಟಿತು. ಪಂಚಮಿಗೆ ಕರೆಯಲು ಅಣ್ಣ ಬರಲಿಲ್ಲ, ತವರಿನವರು ನನ್ನನ್ನು ಮರೆತರು ಎಂದು ಮುಕ್ಕಾಲು ಕಾರ್ಡು ಬೈದು, ಉಳಿದ ಜಾಗದಲ್ಲಿ ಗಂಟಲು ನೋವು, ಯಾವ ಕಷಾಯ ಕುಡಿಯಲಿ ಎಂದು ಕೇಳಿದ್ದೀ. ಎಷ್ಟು ಬೈದರೂ ಮದ್ದು ಕೇಳಲಿಕ್ಕೆ ಅವ್ವನೇ ಬೇಕಲ್ಲವೇನೇ ಹುಚ್ಚಿ!

ಸ್ವಾತಂತ್ರ್ಯ ಬಂದ ದಿನ ಗದಗಿನ ಮೆರವಣಿಗೆಯಲ್ಲಿ ಜೈಕಾರ ಹಾಕಿ ಹಾಕಿ ಗಂಟಲು ಹರಿದುಕೊಂಡೆಯಂತೆ. ಭಲೇ! ಹಾಗಿದ್ದರೆ ಶುಂಠಿ-ಮೆಣಸಿನ ತಂಟೆಗೆ ಹೋಗಬೇಡ. ಅದು ನೆಗಡಿಯ ಗಂಟಲಿಗೆ. ಒದರಿ ಕೆಟ್ಟ ಗಂಟಲಿಗೆ ಹಾಕಿದರೆ ಉರಿ ಏಳುತ್ತದೆ. ಜ್ಯೇಷ್ಠಮಧು ಜಜ್ಜಿ, ಒಂದಿಷ್ಟು ತುಳಸಿ ಎಲೆ ಹಾಕಿ ಕುದಿಸಿ, ಉಗುರುಬೆಚ್ಚಗೆ ಕುಡಿ. ನಿಮ್ಮ ಮಗ್ಗದ ಮನೆಯ ಧೂಳಿಗೂ ಅದೇ ಒಳ್ಳೆಯದು. ಅಜವಾನದ ಕಷಾಯ ಬೇಡವೇ ಬೇಡ, ನುಂಗುವಾಗ ಮುಳ್ಳು ಇಳಿದಂತಾಗುತ್ತದೆ. ಅರಿಷಿಣದ ಹಾಲು ಕುಡಿದಾಗ ಹಿತ, ಬೆಳಗಾದರೆ ಮತ್ತೆ ಅದೇ ಪಾಡು.

ಇನ್ನು ಪಂಚಮಿಯ ಮಾತು. ಚಕ್ಕಡಿಯ ಅಚ್ಚು ಮುರಿದಿತ್ತು, ಅದಕ್ಕೇ ನಿನ್ನ ಅಣ್ಣ ಲಕ್ಷ್ಮಪ್ಪನನ್ನು ಕಳಿಸಲಿಲ್ಲ. ಅವನನ್ನು ಬೈಯಬೇಡ, ಬೇಡವೆಂದವಳು ನಾನು. ನಿನಗೆ ಸೇರುವ ಶೇಂಗಾ ಉಂಡಿ ಕಟ್ಟಿದೆ, ಒಂದನ್ನೂ ನಾನು ಬಾಯಿಗೆ ಹಾಕಲಿಲ್ಲ. ಬೇವಿನ ಮರಕ್ಕೆ ಜೋಕಾಲಿ ಕಟ್ಟಿಸಿದೆ, ಜೀಕುವವರು ಯಾರು? ಕರೆಸಿಕೊಳ್ಳಬೇಕಿತ್ತು ಮಗಳೇ. ಹಗಲೆಲ್ಲ ಅದೇ ಕೊರಗು.

ಈಗ ಅವಸರ ಮಾಡಿ ಬರಬೇಡ. ಗಂಟಲು ನೆಟ್ಟಗಾಗಲಿ. ದೀಪಾವಳಿಗೆ ಕರೆಸುತ್ತೇನೆ. ಅಳಿಯಂದಿರಿಗೆ ಕೇಳಿದೆನೆಂದು ಹೇಳು.

ನಿನ್ನ ಸಿಟ್ಟಿಗೂ ಕಾಯುವ,
ಅವ್ವ

ತಾ.ಕ.: ಮಂಜಕ್ಕಾ, ಇದು ಮುಮ್ತಾಜಳಾದ ನನ್ನ ಮಾತು, ದೊಡ್ಡವ್ವನಿಗೆ ತಿಳಿಯದಂತೆ ಬರೆಯುತ್ತಿದ್ದೇನೆ. ಚಕ್ಕಡಿಗೆ ಏನೂ ಆಗಿರಲಿಲ್ಲ. ಬೇಸಿಗೆಯಿಂದ ದೊಡ್ಡವ್ವನ ದನಿ ಹೋಗುತ್ತಾ ಬಂದಿದೆ. ಮೇಲೆ ಬರೆದ ಕಷಾಯಗಳನ್ನೆಲ್ಲ ಕುಡಿದು ನೋಡಿದವಳು ಆಕೆಯೇ. ಹುಬ್ಬಳ್ಳಿಯ ಡಾಕ್ಟರು ಗಂಟಲಲ್ಲಿ ಗಂಟಿದೆ, ಕೈ ಮೀರಿದೆ ಎಂದರು. "ಹಬ್ಬಕ್ಕ ಬಂದ ಮಗಳು ಅಳಕೋತ ಹೋಗಬಾರದವಾ" ಎಂದು ನಿನ್ನನ್ನು ಕರೆಸಲಿಲ್ಲ. ಈ ಪತ್ರದ ಒಂದೊಂದು ಮಾತನ್ನೂ ಆಕೆಯ ಬಾಯಿಗೆ ಕಿವಿ ಹಚ್ಚಿ ಕೇಳಿ ಬರೆದೆ. ಲಕ್ಷ್ಮಪ್ಪಣ್ಣ ಮೊನ್ನೆ ಜೋಕಾಲಿ ಬಿಚ್ಚಲು ಹೋದರೆ ಕೈ ಹಿಡಿದು, "ಇರ್ಲಿ ಬಿಡೋ, ಮಂಜಿ ಬರ್ತಾಳ" ಎಂದಳು. ಮಾತು ಕೇಳಿಸಲಿಲ್ಲ, ತುಟಿ ನೋಡಿ ತಿಳಿದುಕೊಂಡೆವು. ಬೆಳಗಿನ ಹೊತ್ತು ಮಾತ್ರ ನಿನ್ನ ಹೆಸರು ಕರೆಯುವಷ್ಟು ದನಿ ಇನ್ನೂ ಇದೆ. ದೀಪಾವಳಿಗೆ ಕಾಯಬೇಡ ಅಕ್ಕಾ, ಕಾಗದ ಮುಟ್ಟಿದ ಕೂಡಲೇ ಹೊರಟು ಬಾ.