ಏಳನೇ ಪೊಟ್ಟಣದ ಕಲ್ಲುಗಳು

ಮತ್ತಿಗಿರಿ,
೭ ಆಗಸ್ಟ್ ೨೦೨೪

ಕಲ್ಲಿನೊಳಗೆ ನೀರು ಹುಡುಕುವ ನನ್ನ ಮುದ್ದು ಸೊಸೆ ಮೇಘಶ್ರೀಗೆ, ಮೂವತ್ತು ವರ್ಷ ಕಲ್ಲಿಗೇ ನೀರು ಕುಡಿಸಿದ ನಿನ್ನ ಸೋದರಮಾವನ ಆಶೀರ್ವಾದ.

ಹೋದ ವಾರ ನಮ್ಮ ಮನೆಯಲ್ಲಿ ನೀನು ಮರೆತ ಡಬ್ಬಿ ಈ ಪತ್ರದ ಜೊತೆಗೇ ಬರುತ್ತಿದೆ. ಕಲ್ಲಿನ ಹನ್ನೆರಡು ಪೊಟ್ಟಣಗಳೂ ಇವೆ. ಆದರೆ ಮೊದಲು ಪತ್ರ ಓದು, ಆಮೇಲೆ ಡಬ್ಬಿ ಬಿಚ್ಚು. ಆರು ತಿಂಗಳು ಕಾದ ಮೇಲೆ ಬರುವ ಸೋಮವಾರ ಕಲ್ಲಿನ ನೀರು ಅಳೆಯುವ ಲ್ಯಾಬಿನ ಆ ಯಂತ್ರ ನಿನಗೆ ಸಿಗುತ್ತಿದೆ, ಮೂರು ವರ್ಷದ ಓದು ಅದರ ಮೇಲೆ ನಿಂತಿದೆ ಎಂದು ಹೇಳಿದ್ದೆಯಲ್ಲ, ಅದಕ್ಕೇ ಈ ಅವಸರ.

ಅವತ್ತು ಜಗಲಿಯ ಮೇಲೆ ಕೂತು ನೀನು ಹೇಳಿದ್ದೆಲ್ಲ ನನಗೆ ನೆನಪಿದೆ. ಏಳನೇ ಕ್ಲಾಸಿನ ತಲೆಯಾದರೂ ಗಟ್ಟಿ ತಲೆ. ನಿನ್ನ ಕಲ್ಲುಗಳು ಬಂದ ಇಂಡೋನೇಷ್ಯಾದ ಆ ಬೆಂಕಿ ಬೆಟ್ಟ ಸಿಡಿಯುವ ಮುಂಚೆ ಕರಗಿದ ಕಲ್ಲು ನೆಲದಡಿ ತಂಗಿರುತ್ತದೆ. ಅಲ್ಲಿ ಹರಳು ಬೆಳೆಯುವಾಗ ಅದರೊಳಗೆ ಆ ಕರಗಿದ ಕಲ್ಲಿನದೇ ಒಂದೊಂದು ಹನಿ ಸಿಕ್ಕಿಬೀಳುತ್ತದೆ. ಬೆಟ್ಟ ಸಿಡಿದಾಗ ಹನಿ ತಟ್ಟನೆ ಆರಿ ಗಾಜಾಗುತ್ತದೆ, ನೀರು ಅದರಲ್ಲೇ ಉಳಿಯುತ್ತದೆ. ಆ ನೀರನ್ನು ಅಳೆದರೆ, ಕರಗಿದ ಕಲ್ಲು ಎಷ್ಟು ಆಳದಲ್ಲಿ, ಎಂಥ ಒತ್ತಡದಲ್ಲಿ ಕಾದಿತ್ತೆಂದು ಅಂದಾಜು ಮಾಡಬಹುದು. ನಾನು ನಂಬಲಿಲ್ಲ. ಅಂಥ ಕಾವಿನಲ್ಲಿ ನೀರು ಹೇಗಿರುತ್ತದೆ, ಇದ್ದರೂ ಸಿಡಿಯುವುದಕ್ಕೂ ಅದಕ್ಕೂ ಏನು ಸಂಬಂಧ ಎಂದು ವಾದಕ್ಕೆ ನಿಂತೆ. ಅಡುಗೆಮನೆಯಿಂದ ನಿಮ್ಮತ್ತೆ ಮಂಗಮ್ಮ ಒಂದೇ ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸಿದಳು: "ನೀರು ಚಿಮುಕ್ಸಿ ಮುಚ್ಚಿಡ್ದೆ ಹುರುದ್ರೆ ರಾಗಿ ಅರಳ್ತದಾ?" ನೀನು ಅವಳ ಕೈ ಹಿಡಿದು, ನಮ್ಮ ಮೇಷ್ಟ್ರಿಗಿಂತ ಚೆನ್ನಾಗಿ ಹೇಳಿದಿರಿ ಅತ್ತೆ ಅಂದೆ. ಕೃಷ್ಣಗಿರಿ ಕ್ವಾರಿಯಲ್ಲಿ ಕಲ್ಲಿನ ಜೊತೆ ಬಾಳಿದವನು ನಾನು, ಹೊಗಳಿಕೆ ಅವಳಿಗೆ.

ನೀನು ಹೋದ ಮೇಲೆ ಎರಡು ದಿನ ಡಬ್ಬಿ ಮುಟ್ಟಲಿಲ್ಲ, ಅದೇ ದೊಡ್ಡದು. ನಮ್ಮ ಕಸುಬಿನಲ್ಲಿ ಕಲ್ಲು ಬಾಯಿ ಬಿಡಬೇಕಾದರೆ ಬೆಂಕಿಗೆ ಕೊಡುತ್ತೇವೆ. ಬಂಡೆಯ ಮೇಲೆ ಸೌದೆ ಉರಿಸಿ, ಪದರ ಎದ್ದ ಸದ್ದಿನಲ್ಲೇ ಅದರ ದಪ್ಪ ಹೇಳುತ್ತಿದ್ದವನು ಇಡೀ ಕ್ವಾರಿಯಲ್ಲಿ ನಾನೊಬ್ಬನೇ. ಬೇಕಾದರೆ ಯಾರನ್ನಾದರೂ ಕೇಳು. ಕ್ವಾರಿ ಮುಚ್ಚಿಹೋಗಿದೆ, ಅದು ಬೇರೆ ಮಾತು. ನೀರಿದ್ದರೆ ಸುಟ್ಟ ಮೇಲೆ ತೂಕ ಇಳಿಯಬೇಕು ತಾನೆ? ಏಳನೇ ಪೊಟ್ಟಣದಲ್ಲಿದ್ದ ಕಡಲೆಕಾಳಿನಂಥ ಕಲ್ಲುಗಳನ್ನು ಹೊಸೂರಿನ ಒಡವೆ ಅಂಗಡಿಯಲ್ಲಿ ತೂಗಿಸಿದೆ. ಅಂಗಡಿಯವನು ವಜ್ರವೇ ಎಂದು ತಮಿಳಿನಲ್ಲಿ ಕೇಳಿದ. ಅದಕ್ಕಿಂತ ಒಂದು ಕೈ ಮೇಲೆ ಅಂದೆ. ಅಲ್ಲಿಂದ ಜವಳಗಿರಿ ಬಸ್ಸು ಹತ್ತಿ, ಹಿಂದೆ ನಮ್ಮ ಉಳಿಗಳನ್ನು ಹದ ಮಾಡಿಕೊಡುತ್ತಿದ್ದ ನಂಜಪ್ಪನ ಕುಲುಮೆಗೆ ಹೋದೆ. ಕಲ್ಲುಗಳು ಅರ್ಧ ಗಂಟೆ ಕೆಂಡದಲ್ಲಿ ಕೆಂಪಗೆ ಕಾದವು. "ಕಲ್ಲಲ್ಲಿ ನೀರು ತೆಗೀತೀಯಾ? ಮೊದ್ಲು ನನ್ ಬೋರ್‌ವೆಲ್ ತಾವ ಬಾರ್ಲಾ" ಎಂದು ನಂಜಪ್ಪ ಗೇಲಿ ಮಾಡಿದ. ಆರಿಸಿ, ಮತ್ತೆ ಹೊಸೂರಿಗೆ ಬಂದು ತೂಗಿಸಿದರೆ ಹತ್ತೊಂಬತ್ತು ಮಿಲಿಗ್ರಾಂ ಕಡಿಮೆ. ಬೆಟ್ಟದ ಹೊಟ್ಟೆಯ ನೀರನ್ನು ನಾನೇ ಹಿಡಿದೆ ಎಂದು ಮತ್ತಿಗಿರಿ ಬಸ್ಸಿನಲ್ಲಿ ಪಕ್ಕ ಕೂತವನಿಗೂ ಹೇಳಿದೆ.

ಮೊನ್ನೆ ನೀನು ಫೋನು ಮಾಡಿದಾಗ, ಯಾರೋ ಒಬ್ಬರು ಅಂಥ ಕಲ್ಲನ್ನು ಸುಟ್ಟರೆ ಏನಾಗುತ್ತದೆ ಎಂದು ಏನೂ ಅರಿಯದವನಂತೆ ಕೇಳಿದೆ. ಹರಳಿನ ಗೋಡೆ ದಾಟಿ ನೀರು ಹೊರಟುಹೋಗುತ್ತೆ ಮಾವ, ಆಮೇಲೆ ಆ ಕಲ್ಲು ಸುಳ್ಳು ಹೇಳುತ್ತೆ ಎಂದು ನೀನು ನಕ್ಕೆ. ನೀರು ಕಮ್ಮಿಯಿತ್ತು, ಆಳವೂ ಕಮ್ಮಿ ಎಂದು ಲೆಕ್ಕ ಬರುತ್ತೆ, ಅದನ್ನು ನಂಬಿದರೆ ಬೆಟ್ಟದ ಬುಡದಲ್ಲಿ ತೋಟ ಮಾಡಿಕೊಂಡಿರುವ ಜನಕ್ಕೆ ನಾವು ತಪ್ಪು ಹೇಳಿದಂತೆ ಅಂದೆ. ನಾನು ಸಿಗ್ನಲ್ ಇಲ್ಲ ಎಂದು ಫೋನು ಇಟ್ಟುಬಿಟ್ಟೆ. ಸಿಗ್ನಲ್ ಇತ್ತು.

ಏಳನೆಯದನ್ನು ಯಂತ್ರಕ್ಕೆ ಇಡಬೇಡ ಮೇಘಾ. ಪೊಟ್ಟಣದ ಮೇಲೆ ಕೆಂಪು ಶಾಯಿಯಲ್ಲಿ "ಸುಟ್ಟದ್ದು" ಎಂದು ಬರೆದಿದ್ದೇನೆ. ಬೈಯುವುದನ್ನೆಲ್ಲ ಬೈದು ಮುಗಿಸಿದ ಮೇಲೆ ಎರಡು ಸಂಗತಿ ತಿಳಿಸು. ಆ ಹತ್ತೊಂಬತ್ತು ಮಿಲಿಗ್ರಾಂ ಎಲ್ಲವೂ ಬೆಟ್ಟದ ನೀರೇ, ಇಲ್ಲ ಮಳೆಗಾಳಿಯ ತೇವವೂ ಅದರಲ್ಲಿ ಸೇರಿತ್ತೇ? ಬೇರೆ ಮಾಡಿ ನೋಡುವುದು ಹೇಗೆ? ಇನ್ನೊಂದು, ನಮ್ಮ ಕೃಷ್ಣಗಿರಿಯ ಬಂಡೆಯೂ ಒಂದು ಕಾಲಕ್ಕೆ ಹೀಗೆಯೇ ಕರಗಿ ನೆಲದಡಿ ಕಾದಿತ್ತೇ? ಅಷ್ಟು ವರ್ಷ ಒಡೆದೆ, ಒಮ್ಮೆಯೂ ಯಾರನ್ನೂ ಕೇಳಲಿಲ್ಲ.

ಬೈಸಿಕೊಳ್ಳಲು ಕಿವಿ ತೊಳೆದುಕೊಂಡು ಕೂತಿರುವ
ನಿನ್ನ ಮಾವ
ಮುತ್ತರಾಯಪ್ಪ

ತಾ.ಕ.: ಡಬ್ಬಿಗೆ ಟೇಪು ಸುತ್ತುವ ಮುಂಚೆ ಪತ್ರವನ್ನು ನಿಮ್ಮತ್ತೆಗೆ ಓದಿ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಚೆಲ್ಲಿದ್ದು ಬರುದ್ರಾ?" ಅಂದಳು. ಬರೆದಿರಲಿಲ್ಲ. ಸುಟ್ಟದ್ದಕ್ಕೂ ಸುಡದ್ದಕ್ಕೂ ಏನು ವ್ಯತ್ಯಾಸ ಎಂದು ಪಕ್ಕದಮನೆ ಶಿವಣ್ಣನಿಗೆ ತೋರಿಸಲು ಒಂಬತ್ತನೆಯದನ್ನೂ ಬಿಚ್ಚಿಟ್ಟಿದ್ದೆ. ನನ್ನ ಕಾಲೇ ತಗಲಿ ಎರಡೂ ಜಗಲಿಯ ಮೇಲೆ ಬೆರೆತುಹೋದವು. ಕಲ್ಲಿನ ಗುರುತು ನನಗಲ್ಲದೆ ಇನ್ಯಾರಿಗೆ ಎಂದು ಕಣ್ಣಂದಾಜಿನಲ್ಲೇ ಆರಿಸಿ ತುಂಬಿದೆ. ಈಗ ಮತ್ತೆ ಎರಡನ್ನೂ ತಟ್ಟೆಗೆ ಸುರಿದು ಬಿಸಿಲಿಗೆ ಹಿಡಿದು ನೋಡಿದೆ. ಯಾವುದು ಸುಟ್ಟದ್ದೋ ನನಗೆ ಗೊತ್ತಿಲ್ಲ ಮೇಘಾ. ಒಂಬತ್ತನೆಯದನ್ನೂ ಬಿಡು.