ಐದನೆಯ ಕಂತು

ಮನೆಯಿಂದ,
ಮಾರ್ಚ್ ೧೧, ಮಂಗಳವಾರ

ಮುದ್ದು ಪುಟ್ಟಿ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ಹೊಲಿಗೆ ಯಂತ್ರದ ಮುಂದೆ ಇಡೀ ದಿನ ಬಗ್ಗಿ ಕೂರಬೇಡ, ನಡುನಡುವೆ ಎದ್ದು ಓಡಾಡು. ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಚುರುಕಾಗಿದೆ. ನೀನು ಫೋನು ಎತ್ತುವುದಿಲ್ಲವೆಂದು ನನಗೆ ಸಿಟ್ಟಿಲ್ಲ. ಆ ಪಾಪಿ ನಿನ್ನ ಮೈಮೇಲೆ ಎರಗಿದ ಆ ರಾತ್ರಿಯ ಮೇಲೆ, ಫೋನು ಸದ್ದಾದರೂ ನೀನು ನಡುಗುತ್ತಿದ್ದುದನ್ನು ಕಣ್ಣಾರೆ ಕಂಡವಳು ನಾನು. ಅದಕ್ಕೇ ಕಾಗದ.

ನಮ್ಮ ಡಬ್ಬಿಂಗ್ ಕೋಣೆಯ ಸುದ್ದಿ ಹೇಳುತ್ತೇನೆ. ನೀನು ಶುಕ್ರವಾರ ತಪ್ಪದೆ ನೋಡುವ ಡ್ರ್ಯಾಗನ್ ಧಾರಾವಾಹಿಯ ರಾಜಕುಮಾರಿಗೆ ಈ ಸಲವೂ ನನ್ನದೇ ದನಿ. ಬಿಲ್ಲು ಹಿಡಿದು ಬೆಟ್ಟ ಹತ್ತುವವಳು, ಯಾರ ಮುಲಾಜಿಗೂ ಬೀಳದವಳು. "ಅವಳು ಬೈದ್ರೆ ನೀನೇ ಬೈದ ಹಾಗಿರುತ್ತೆ ಅಕ್ಕಾ" ಎಂದು ನಕ್ಕಿದ್ದೆಯಲ್ಲ, ಈಚೆಗೆ ನಾನು ಕೇಳಿದ ನಿನ್ನ ಒಂದೇ ನಗು ಅದು.

ಐದನೆಯ ಕಂತಿನಲ್ಲಿ ಶತ್ರು ಸೇನಾಪತಿ ಅವಳ ಮೇಲೆ ಅತ್ಯಾಚಾರ ಮಾಡುತ್ತಾನೆ. ಕ್ಯಾಮೆರಾ ಅವಳ ಮುಖವನ್ನು ಬಿಟ್ಟು ಮೈಯನ್ನೆಲ್ಲ ತೋರಿಸುತ್ತದೆ, ಆಮೇಲೆ ಅವಳ ಅಣ್ಣನ ಕಣ್ಣೀರನ್ನು. ಅವನು ಕತ್ತಿ ಎತ್ತುತ್ತಾನೆ, ಕಥೆ ಅವನ ಹಿಂದೆಯೇ ಓಡುತ್ತದೆ. ಎರಡು ಕಂತು ಅವಳಿಗೆ ಮಾತೇ ಇಲ್ಲ. ಮತ್ತೆ ಬಾಯಿ ತೆರೆದಾಗ ಹೇಳುವುದು, "ಆ ರಾತ್ರಿಯೇ ನನ್ನನ್ನು ಗಟ್ಟಿ ಮಾಡಿತು."

ನಾನು ಹೆಡ್‌ಫೋನ್ ಕಳಚಿಟ್ಟೆ. ನಮ್ಮ ಡಬ್ಬಿಂಗ್ ನಿರ್ದೇಶಕರು ಕೆಟ್ಟವರಲ್ಲ, ಗಂಟಲು ಕಟ್ಟಿದರೆ ತಾವೇ ಬಿಸಿನೀರು ತಂದುಕೊಡುವವರು. "ಅದು ಹಳೇ ಕಾಲದ ಲೋಕ ಕಣಮ್ಮ, ಅಲ್ಲಿ ಹಾಗೇ ನಡೀತಿತ್ತು" ಎಂದರು. "ಯಾವ ಕಾಲ ಸಾರ್? ಅಲ್ಲಿ ಮರ ಮಾತಾಡುತ್ತೆ, ಸತ್ತೋರು ಎದ್ದು ಬರ್ತಾರೆ. ಎಲ್ಲಾನೂ ಹೊಸದಾಗಿ ಕಟ್ಟಿದೋರಿಗೆ ಇದೊಂದನ್ನ ಬಿಡೋಕಾಗ್ಲಿಲ್ವಾ?" ಎಂದು ಕೇಳಿದೆ. ಅವರು ಗಾಜಿನಾಚೆ ತಲೆ ಕೆರೆದುಕೊಂಡರು. "ಚಿತ್ರ ನಮ್ಮ ಕೈಲಿಲ್ಲ. ತುಟಿ ಅಲ್ಲಾಡಿದಷ್ಟು ಮಾತು ತುಂಬೋದು ನಮ್ಮ ಕೆಲಸ. ನೀನು ಬೇಡ ಅಂದ್ರೆ ಇನ್ಯಾರನ್ನಾದ್ರೂ ಕರೀಬೇಕು."

ಇನ್ಯಾರೋ ಬಂದರೆ ಬರೆದದ್ದನ್ನು ಓದಿ ಹೋಗುತ್ತಾರೆ ಎಂದು ನಾನೇ ಒಪ್ಪಿದೆ. ಅವಳ ಆ ಮಾತಿನ ಜಾಗಕ್ಕೆ "ಅದಕ್ಕೂ ಮೊದಲೇ ನಾನು ಗಟ್ಟಿಯಿದ್ದೆ" ಎಂದು ಹೇಳಿ ನೋಡಿದೆ. ತುಟಿಗೆ ಸರಿಯಾಗಿ ಕೂತಿತು. ನಿರ್ದೇಶಕರಿಗೂ ಹಿಡಿಸಿತು. ಎರಡನ್ನೂ ರೆಕಾರ್ಡ್ ಮಾಡಿ ಮೇಲಿನವರಿಗೆ ಕಳಿಸಿದೆವು. ಮೂಲದಲ್ಲಿರುವಂತೆಯೇ ಇರಲಿ ಎಂದು ನಿನ್ನೆ ಉತ್ತರ ಬಂತು. ಮನೆಗೆ ಬಂದು ಹೇಳಿಕೊಂಡರೆ ಅಮ್ಮ, "ಕಥೆ ತಾನೇ, ಬಿಡೇ" ಎಂದಳು. ಹಾಗೆಂದವಳು ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತ ನಿಂತಿದ್ದಳು.

ನಿನ್ನ ತಲೆ ನೇವರಿಸಿದೆನೆಂದು ಬರೆ ಎಂದಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಕಂದಾ.

ನಿನ್ನ
ಅಕ್ಕ

ಮರೆತು ಬಿಟ್ಟದ್ದಲ್ಲ, ಬರೆಯಲು ಕೈ ಬರಲಿಲ್ಲ: ಐದನೆಯ ಕಂತು ಬರುವುದು ಈ ಶುಕ್ರವಾರವೇ. ನೋಡಬೇಡ. ಅಲ್ಲಿ ಕಿರುಚುವವಳು ನಾನು. ಯಾರನ್ನೂ ನೆನೆಯದೆ ಕಿರುಚಬೇಕೆಂದುಕೊಂಡಿದ್ದೆ, ಆಗಲಿಲ್ಲ. ಮೊಬೈಲಿಗೆ ಹಾಕಿದ ಸಂದೇಶವನ್ನು ನೀನಿನ್ನೂ ತೆರೆದಿಲ್ಲ. ನಾನೇ ಹೊರಟು ಬರೋಣವೆಂದರೆ ಅಮ್ಮನನ್ನು ಒಬ್ಬಳನ್ನೇ ಬಿಡುವಂತಿಲ್ಲ. ಈ ಕಾಗದ ತಡವಾದರೆ, ಅಕ್ಕನ ದನಿ ಕೇಳುವ ಆಸೆಗೇ ನೀನು ಟಿವಿ ಹಾಕುತ್ತೀಯ.